ಸೋರಿಕೆ ಸಂಖ್ಯೆ ನಲವತ್ತೇಳನ್ನು ಮತ್ತೆ ಬಿಡುವ ಬಗ್ಗೆ

ಇಂದ,
ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ರಾತ್ರಿ ಪಾಳಿಯವಳು,
ದಿಬ್ಬದ ಓಣಿ, ಕೊನೆಯ ಮನೆ.
(ತಮ್ಮ ದಾಖಲೆಯಲ್ಲಿ: ಸೋರಿಕೆ ಸಂಖ್ಯೆ 47)

ಗೆ,
ಮುಖ್ಯ ಇಂಜಿನಿಯರ್ ಸಾಹೇಬರು,
ಸೋರಿಕೆ ಪತ್ತೆ ಮತ್ತು ತಡೆ ವಿಭಾಗ,
ನೀರು ಸರಬರಾಜು ಕಚೇರಿ.

ವಿಷಯ: ನಿಲ್ಲಿಸಿದ ಸೋರಿಕೆಯನ್ನು ಪುನಃ ಆರಂಭಿಸುವ ಕುರಿತು.
ಉಲ್ಲೇಖ: ನಮ್ಮ ಓಣಿಯ ಬಾಯಿಗೆ ತಾವು ನೇತುಹಾಕಿಸಿದ "ಸೋರಿಕೆಮುಕ್ತ ಓಣಿ" ಎಂಬ ಫಲಕ.

ನಿದ್ದೆಗೆ ಭಂಗವಿಲ್ಲದ ಮಾನ್ಯರೇ,

1. ಊರು ಮಲಗಿದ ಮೇಲೆ ಪೈಪಿನಲ್ಲಿ ಹರಿಯುವ ನೀರೆಲ್ಲ ಸೋರಿಕೆಯೇ ಎಂಬುದು ತಮ್ಮ ಕಚೇರಿಯ ಲೆಕ್ಕ. ನಮ್ಮ ಓಣಿಯ ಹನ್ನೊಂದು ಹೆಂಗಸರು ಪಾಳಿ ಮುಗಿಸಿ ಮನೆ ಸೇರುವುದು ರಾತ್ರಿ ಎರಡು ಗಂಟೆಗೆ. ಬಂದವರೇ ಸ್ನಾನ ಮಾಡುತ್ತಿದ್ದೆವು. ಕಾರಣ, ಪಾಳಿಯುದ್ದಕ್ಕೂ ಮುಟ್ಟಿದ್ದು ರಕ್ತ, ಕೀವು ಹತ್ತಿದ ಹಾಸಿಗೆ ಬಟ್ಟೆ. ತಾವೂ ಹೋದ ವರ್ಷ ನಾವು ಒಗೆದ ಬಟ್ಟೆಯ ಮೇಲೆಯೇ ಮಲಗಿ, ಗುಣವಾಗಿ ಎದ್ದು ಹೋದಿರಿ. ಸಂತೋಷ.

2. ಸದರಿ ಸ್ನಾನವು ತಮ್ಮ ಮೀಟರಿನಲ್ಲಿ ಸೋರಿಕೆಯಾಗಿ ಕಂಡುಬಂದ ಕಾರಣ ರಸ್ತೆಯನ್ನು ಮೂರು ಕಡೆ ಅಗೆಯಲಾಯಿತು. ಒಣ ಮಣ್ಣು ಸಿಕ್ಕಿತು. ಆದ್ದರಿಂದ ಪೈಪಿನ ಸದ್ದು ಕೇಳುವ ನೌಕರನನ್ನು ಕಳಿಸಿದಿರಿ. ಆತ ಎರಡೂವರೆಗೆ ಬಂದು, ಕಬ್ಬಿಣದ ಕೋಲನ್ನು ನಮ್ಮ ಪೈಪಿಗೆ ಆನಿಸಿ, ಕಿವಿಗೊಟ್ಟು, ಬೆಚ್ಚಿ, ಬಾಗಿಲು ಬಡಿದ.

"ಅಮ್ಮಾ, ಪೈಪೊಳಗೆ ಯಾರೋ ಹಾಡ್ತಿದ್ದಾರೆ!"

"ಪೈಪೊಳಗಲ್ಲ ಕಣಪ್ಪ, ಬಚ್ಚಲೊಳಗೆ. ನನ್ನ ಸೊಸೆ," ಎಂದರು ನಮ್ಮತ್ತೆ. "ಮೈಮೇಲೆ ನೀರು ಬಿದ್ರೆ ಸಾಕು, ಶುರು ಹಚ್ಕೋತಾಳೆ. ಅದನ್ನ ನಿಲ್ಸೋಕೆ ನಿಮ್ಮ ಆಫೀಸಿಗೆ ಬರುತ್ತಾ?"

"ತಮಾಷೆ ಮಾಡ್ಬೇಡಿ. ಫಾರಂನಲ್ಲಿ ಪೈಪ್ ಒಡೆದಿದೆ, ಜಾಯಿಂಟ್ ಸಡಿಲ, ಇಷ್ಟೇ ಇರೋದು. ಸೊಸೆ ಅಂತ ಎಲ್ಲಿ ಬರೀಲಿ?"

"ಜಾಯಿಂಟ್ ಸಡಿಲ ಅಂತ್ಲೇ ಬರ್ಕೋ. ಸೊಂಟ ಸೊಂಟ ಅಂತ ಒದ್ದಾಡ್ತಾಳೆ, ಸುಳ್ಳೇನಲ್ಲ."

ಪಾಪ, ಹಾಗೇ ಬರೆದುಕೊಂಡು ಹೋದ.

3. ಆದಕಾರಣ ತಾವು ಹನ್ನೆರಡರಿಂದ ಬೆಳಗಿನ ಆರರವರೆಗೆ ವಾಲ್ವನ್ನೇ ಮುಚ್ಚಿಸಿದಿರಿ. ಸೋರಿಕೆ ಸೊನ್ನೆಯಾಯಿತು. ಓಣಿಗೆ ಫಲಕ ಬಂತು, ತಮ್ಮ ಕೊರಳಿಗೆ ಹಾರ ಬಿತ್ತು. ಮಾರುಕಟ್ಟೆ ರಸ್ತೆಯಲ್ಲಿ ಒಡೆದ ಪೈಪು ಹಾಡಹಗಲೇ ಆಳೆತ್ತರ ಚಿಮ್ಮುತ್ತಿದೆ, ಹಗಲಿನದು ಲೆಕ್ಕಕ್ಕಿಲ್ಲವಂತೆ. ತುಂಬಿಸಿಟ್ಟುಕೊಳ್ಳಿ ಎನ್ನುವಿರಿ. ಹಗಲು ನಮ್ಮ ದಿಬ್ಬಕ್ಕೆ ಏರುವುದು ಮನೆಗೆ ನಾಲ್ಕೇ ಕೊಡ. ಸಂಜೆಗೆ ಅವೂ ಬರಿದು.

4. ನನ್ನ ಮಗಳಿಗೆ ಎಂಟು ತಿಂಗಳು. ಆಸ್ಪತ್ರೆಯ ಕೊಳೆ ಮೈಯಲ್ಲಿ ಎತ್ತಿಕೊಳ್ಳಬೇಡ ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಎರಡಕ್ಕೆ ಬಂದವಳು ಆರರವರೆಗೆ ಗೋಡೆಗೊರಗಿ ಕೂತಿರುತ್ತೇನೆ. ಅವಳು ಅಜ್ಜಿಯ ಮಡಿಲಿಂದ ಎರಡೂ ಕೈ ಚಾಚುತ್ತಾಳೆ. ಅಳುತ್ತಾಳೆ. ಇತ್ತ ಹಾಲಿಳಿದು ನನ್ನ ರವಿಕೆ ತೊಯ್ಯುತ್ತದೆ. ಆ ಹೊತ್ತಿನಲ್ಲಿ ಈ ಓಣಿಯಲ್ಲಿ ಸೋರುವುದು ಅದೊಂದೇ. ಅದಕ್ಕೆ ಯಾವ ವಾಲ್ವ್ ಮುಚ್ಚಿಸುತ್ತೀರಿ?

ಆದಕಾರಣ, ಎರಡರಿಂದ ಮೂರರವರೆಗಾದರೂ ವಾಲ್ವ್ ತೆರೆಸಬೇಕು. ನಮ್ಮನ್ನು ಜನ ಎಂದು ಬರೆದುಕೊಳ್ಳಲು ನಿಯಮ ಅಡ್ಡಬಂದರೆ ಸೋರಿಕೆ ಎಂದೇ ಬರೆದುಕೊಳ್ಳಿ, ತಕರಾರಿಲ್ಲ.

ಬೆಳಗ್ಗೆ ಆರರ ನಂತರ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಹನ್ನೊಂದು ಹೆಬ್ಬೆಟ್ಟು. ಬ್ಲೀಚಿಂಗ್ ಪುಡಿಗೆ ಗೆರೆಗಳು ಸವೆದಿರುವುದರಿಂದ ಗುರುತು ಮೂಡಿಲ್ಲ.

ವಿ.ಸೂ.: ಸ್ಥಳ ಪರಿಶೀಲನೆಗೆ ತಾವೇ ಬರುವುದಾದರೆ ಎರಡು ಗಂಟೆಗೆ ಬರಬೇಕು. ಅತ್ತೆಯ ತೋಳು ಸೋತಿದೆ. ಮಗು ಎತ್ತಿಕೊಳ್ಳಲು ಕೈ ತೊಳೆದುಕೊಂಡವರು ಒಬ್ಬರು ಬೇಕಾಗಿದ್ದಾರೆ.