ಹಂಗಾರಕಟ್ಟೆಯಿಂದ ಹಾರಿದ ವಿಮಾನ

ರೇಡಿಯೋದಲ್ಲಿ ಕೆಲಸ ಮಾಡುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೈಕ್ ಆನ್ ಮಾಡಿದರೆ ಸಾಕು, ಅದೇ ಬಂದು ಪಕ್ಕದಲ್ಲಿ ಕೂರುತ್ತದೆ. ಬ್ರಹ್ಮಾವರದ ಹತ್ತಿರದ ಒಂದು ಪುಟ್ಟ ಸಮುದಾಯ ರೇಡಿಯೋದಲ್ಲಿ ನಾನು ನಾಟಕ ಮಾಡಿಸುವವಳು. ಈಚೆಗೆ ಕಂತು ಕಂತಾಗಿ ಒಂದು ನಾಟಕ ಮಾಡಿಸಿದೆ. ಮಹಾಯುದ್ಧದ ಕಾಲದಲ್ಲಿ ವಿಮಾನ ಕಾರ್ಖಾನೆಯಲ್ಲಿ ದುಡಿದ ಹೆಂಗಸರ ಕತೆ. ಬರೆದವರು ಒಬ್ಬ ನಿವೃತ್ತ ಮಾಷ್ಟ್ರು. ಪಾತ್ರಕ್ಕೆ ಬಂದವರು ಕುಂದಾಪುರದ ಗೇರುಬೀಜ ಕಾರ್ಖಾನೆಯ ಮೂವರು ಗೆಳತಿಯರು. ಆ ದಿನಗಳು ಈಗಲೂ ಮಧ್ಯಾಹ್ನದ ಅರೆನಿದ್ದೆಯಲ್ಲಿ ಕಂಡದ್ದರ ಹಾಗೆ ನೆನಪಾಗುತ್ತವೆ.

೧. ಜೇನಿನಂಥ ದನಿ

ಮಾಷ್ಟ್ರು ಬರೆದ ನಾಯಕಿ ವಿಮಾನದ ರೆಕ್ಕೆಗೆ ರಿವೆಟ್ ಮೊಳೆ ಬಡಿಯುತ್ತಲೇ, "ಪ್ರಿಯ ಸಖಿ, ಈ ರೆಕ್ಕೆಗಳಿಗೆ ನನ್ನ ಕನಸನ್ನೂ ಜೋಡಿಸುವೆ" ಎನ್ನಬೇಕು. ಮೂವರಲ್ಲಿ ಹಿರಿಯವಳೇ ನಾಯಕಿ. ಅವಳು ಹೇಳಿದ್ದು ಆಚೆ ಊರಿಗೂ ಕೇಳಿಸಿರಬೇಕು. ದನಿ ಅಳೆಯುವ ಮೀಟರಿನ ಮುಳ್ಳು ಬೆಚ್ಚಿ ಕೊನೆಗೆ ಹೋಗಿ ನಿಂತಿತು.

"ಸ್ವಲ್ಪ ಜೇನಿನ ಹಾಗೆ ಹೇಳಬೇಕಮ್ಮ" ಅಂದರು ಮಾಷ್ಟ್ರು.

"ಮೆಷಿನ್ ಶಬ್ದದ ಮಧ್ಯ ಜೇನಿನ ಹಾಂಗೆ ಹೇಳ್ರೆ ಸಖಿಗೆ ಕೇಂಬ್ದ್ ಹ್ಯಾಂಗೆ ಮಾಷ್ಟ್ರೇ?"

ಮಾಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ಹಾಗಾದರೆ ಅರಚಿ" ಅಂದರು. "ಆದರೆ ಪ್ರೀತಿಯಿಂದ ಅರಚಿ."

೨. ಮೋಡದ ಮೇಲೆ

ಸುತ್ತಿಗೆಯ ಸದ್ದು ಬೇಕಿತ್ತು. ಹಂಗಾರಕಟ್ಟೆಯಲ್ಲಿ ಬೋಟ್ ಕಟ್ಟುವ ಕಡೆಗೆ ಹೋದೆವು. ಅರ್ಧ ಕಟ್ಟಿದ ಬೋಟೊಂದು ಆಸರೆಯ ಮರಗಳ ಮೇಲೆ ನಿಂತಿತ್ತು. ಓರೆಗಣ್ಣಲ್ಲಿ ನೋಡಿದರೆ ಥೇಟ್ ವಿಮಾನ. ತಾವೇ ಮಾಡಿದ ವಿಮಾನದಲ್ಲಿ ಹೆಂಗಸರು ಮೊದಲ ಸಲ ಹಾರುವ ದೃಶ್ಯವನ್ನು ಇಲ್ಲೇ ಮಾಡಿಬಿಡೋಣ ಅನ್ನಿಸಿತು. ಮೂವರನ್ನೂ ಏಣಿ ಹತ್ತಿಸಿ ಕೂರಿಸಿದೆ.

"ಕಣ್ಣು ಮುಚ್ಚಿ. ನೀವೀಗ ಮೋಡದ ಮೇಲಿದ್ದೀರಿ" ಅಂದೆ.

ಮುಚ್ಚಿದರು. ಹೊಳೆಯ ಗಾಳಿ ಬೀಸಿತು. ನನಗೂ ನೆಲ ಮೆಲ್ಲಗೆ ಕೆಳಗಿಳಿದು, ಹೊಳೆ ಒಂದು ಬೆಳ್ಳಿ ದಾರವಾದ ಹಾಗೆ ಕಂಡಿತು. ಮೂವರ ಮುಖದಲ್ಲೂ ಕುಂದಾಪುರದ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವರ ಶಾಂತಿ.

ಬಹಳ ಹೊತ್ತಿನ ಮೇಲೆ ಒಬ್ಬಳು ಕಣ್ಣು ಬಿಡದೆ ಕೇಳಿದಳು, "ಸಾಸ್ತಾನ ಟೋಲ್ ಗೇಟ್ ದಾಟಿತಾ?"

ಇನ್ನೊಬ್ಬಳೂ ಕಣ್ಣು ಬಿಡದೆ ಹೇಳಿದಳು, "ಮೇಲೆ ಟೋಲ್ ಇಲ್ಲೆ ಮಾರಾಯ್ತಿ."

೩. ಬೈಂದೂರಿನ ಫೋನು

ಪ್ರಸಾರಕ್ಕೆ ಮುಂಚೆ ಒಂದು ಜಾಹೀರಾತು ಬಿಟ್ಟೆವು: "ಯುದ್ಧ ಬಂದಿದೆ! ವಿಮಾನ ಕಾರ್ಖಾನೆಗೆ ಹೆಂಗಸರು ಬೇಕಾಗಿದ್ದಾರೆ!" ಅದರ ಹಿಂದೆಯೇ ಬೈಂದೂರಿನಿಂದ ಫೋನು. ಹೆಂಗಸಿನ ದನಿ.

"ಹ್ವಾಯ್, ಬಸ್ಸಂಗ್ ಬಂದ್ರೆ ಎಲ್ಲಿ ಇಳಿಕ್?"

"ಅದು ನಾಟಕ ಅಮ್ಮ. ಯುದ್ಧ ನಮ್ಮ ಅಜ್ಜಿಯರ ಕಾಲದ್ದು."

"ಯುದ್ಧ ಹಳತಾದ್ರೂ ಅಡ್ಡಿಲ್ಲ. ಕೆಲ್ಸ ಈಗ್ಲೂ ಇತ್ತಾ?"

೪. ಕೊನೆಯ ದೃಶ್ಯ

ಕೊನೆಯ ಕಂತು ನೇರ ಪ್ರಸಾರ. ಕಾರ್ಖಾನೆಯ ಧಣಿಯ ಪಾತ್ರ ಮಾಷ್ಟ್ರದ್ದೇ. ಯುದ್ಧ ಮುಗಿಯುತ್ತದೆ, ಧಣಿ ಹೆಂಗಸರನ್ನೆಲ್ಲ ಮನೆಗೆ ಕಳಿಸುತ್ತಾನೆ, ನಾಯಕಿ "ಸಂತೋಷದಿಂದ ಹೊರಟೆ ಸ್ವಾಮಿ, ನನ್ನ ಒಲೆ ನನ್ನನ್ನು ಕರೆಯುತ್ತಿದೆ" ಎನ್ನುತ್ತಾಳೆ. ಅಭ್ಯಾಸದಲ್ಲಿ ಅವಳು ಪ್ರತಿ ಸಲವೂ ಅಲ್ಲೇ ತಡವರಿಸುತ್ತಿದ್ದಳು.

ಸ್ಟುಡಿಯೋ ಒಳಗೆ ಹೋಗುವ ಮುಂಚೆ ನನ್ನನ್ನು ಕೇಳಿದಳು, "ಅಕ್ಕ, ವಿಮಾನ ಮಾಡೂಕೆ ಕಲ್ತವಳ್ ಖುಷಿಯಂಗೆ ಮನೆಗ್ ಹೋದ್ಳಾ?"

"ನಾಟಕದಲ್ಲಿ ಹೋಗುತ್ತಾಳೆ" ಅಂದೆ. ನನಗೇ ಆ ಉತ್ತರ ಸರಿ ಕಾಣಲಿಲ್ಲ.

ಪ್ರಸಾರ ಶುರುವಾಯಿತೆನ್ನುವ ಕೆಂಪು ದೀಪ ಹೊತ್ತಿತು. ಮಾಷ್ಟ್ರು ಗಂಭೀರವಾಗಿ, "ಯುದ್ಧ ಮುಗಿಯಿತು ತಾಯಂದಿರೇ. ಇನ್ನು ಮನೆಗೆ ಹೊರಡಿ" ಅಂದರು.

ಅವಳು ಹಾಳೆಯನ್ನು ಮಗುಚಿಟ್ಟಳು. "ನಾ ಹೋತಿಲ್ಲೆ."

ಮಾಷ್ಟ್ರು ಕಣ್ಣಲ್ಲೇ ಬೇಡಿಕೊಂಡರು. "ಸಂತೋಷದಿಂದ ಹೊರಡಿ ತಾಯಿ..."

"ಇನ್ನೊಂದ್ ವಿಮಾನ ಅರ್ಧ ಆಯ್ತ್ ಅಷ್ಟೆ. ಅದನ್ ಬಿಟ್ ಹ್ಯಾಂಗ್ ಹೋಪ್ದ್?"

"ನಾವೂ ಹೋತಿಲ್ಲೆ" ಅಂದರು ಉಳಿದಿಬ್ಬರು.

ಸಂಗೀತ ಹಾಕಿ ಎಲ್ಲ ಮುಚ್ಚಿಬಿಡಬಹುದಿತ್ತು. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಗಾಜಿನಾಚೆ ಅವಳ ಮುಖ ನೋಡಿದೆ. ಎಲ್ಲೋ ಬಹಳ ದೂರದಲ್ಲಿ ಹೊಳೆಯುವುದೇನೋ ಕಾಣುತ್ತಿರುವವಳ ಹಾಗಿದ್ದಳು. ಒತ್ತಲಿಕ್ಕೆ ಮನಸ್ಸು ಬರಲಿಲ್ಲ.

ಮಾಷ್ಟ್ರು ಹಾಳೆ ತಿರುಗಿಸಿದರು. ಹಿಂಬದಿ ಖಾಲಿ. ಬೆವರು ಒರೆಸಿಕೊಂಡರು. ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಧಣಿಯ ದನಿ ಬಿಟ್ಟು, ತಮ್ಮದೇ ಮೆತ್ತಗಿನ ದನಿಯಲ್ಲಿ ಇಡೀ ತಾಲೂಕಿಗೆ ಕೇಳುವ ಹಾಗೆ ಹೇಳಿದರು:

"ಆಯ್ತು. ಯುದ್ಧ ಇನ್ನೂ ಮುಗಿದಿಲ್ಲ ಅಂತ ನಾನು ಮೇಲಿನವರಿಗೆ ಹೇಳ್ತೇನೆ. ನೀವು ಕೆಲಸ ಮಾಡಿ."