ಮಾಳಗಿಯ ಮೇಲಿನಿಂದ ಅಳೆದ ಸಮುದ್ರ

ನಮ್ಮ ಸೋದರಮಾವ ಒಂದೇ ಸಲಕ್ಕೆ ಯಾವುದನ್ನೂ ನಂಬಿದವನಲ್ಲ. ಕನ್ಯಾ ನೋಡಲು ಸಿರಸಂಗಿಗೆ ಹೋದಾಗ ಚಹಾ ಕುಡಿದು, "ಇನ್ನೊಂದು ಕಪ್ಪು, ಬ್ಯಾರೆ ಪಾತೇಲಿದು ಕೊಡ್ರಿ" ಎಂದನಂತೆ. ಒಂದು ಸ್ಯಾಂಪಲ್ಲಿನಿಂದ ಮನೆತನ ಅಳೆಯಬಾರದೆಂಬುದು ಅವನ ಶಾಸ್ತ್ರ. ಅಷ್ಟಾದರೂ ಅತ್ತಿ ಒಪ್ಪಿದಳು. ಪರೀಕ್ಷೆ ಮಾಡದೆ ಮೋಸಹೋದವರು ಯಾರೆಂದು ನೀವೇ ಹೇಳಿ.

ಅವನ ನೌಕರಿಯೂ ಇಂಥದೇ. ಸಮುದ್ರದ ತಳದಲ್ಲಿ ಗ್ಯಾಸು ಸಿಕ್ಕರೆ ಅದು ಎಷ್ಟಿದೆ, ತೆಗೆಯಲು ಕೈಹಾಕಬೇಕೋ ಬಿಡಬೇಕೋ ಎಂದು ಹೇಳುವ ಇಂಜಿನಿಯರ್. ಮೊದಲ ಬಾವಿಯಲ್ಲಿ ಗ್ಯಾಸು ಬಂದರೆ ಕಂಪನಿಯವರು ಪೇಢೆ ಹಂಚುತ್ತಾರೆ. ಇವನು ಪೇಢೆ ತಿಂದು, ಮುಖ ಗಂಟಿಕ್ಕಿ, ಎರಡನೆಯ ಬಾವಿ ಕೊರೆಸುತ್ತಾನೆ. ಆರು ವರ್ಷ ಒಂದೇ ನಿಕ್ಷೇಪದ ಬೆನ್ನು ಹತ್ತಿದ್ದ.

ಹೋದ ವರ್ಷ ರಜೆಗೆ ಮುರಗೋಡಕ್ಕೆ ಬಂದಾಗಲೇ ಮೂರನೆಯ ಬಾವಿಯ ಪರೀಕ್ಷೆ ಬಿತ್ತು. ಅವನ ತಂಡದವರು ಹಡಗಿನ ಮೇಲಿದ್ದರು, ಕಡೆಯ ಮಾತು ಇವನದು. ಗ್ಯಾಸನ್ನು ಒಂದಷ್ಟು ಹರಿಯಬಿಟ್ಟು, ಬಾವಿಯ ಬಾಯಿ ಮುಚ್ಚಿ, ಒಳಗಿನ ಒತ್ತಡ ಏರುವುದನ್ನು ಕಾಯಬೇಕು. ಮೊದಲಿನ ಮಟ್ಟಕ್ಕೆ ಮರಳಿದರೆ ನಿಕ್ಷೇಪ ದೊಡ್ಡದು. ಇಲ್ಲವಾದರೆ ಅಲ್ಲಿರುವುದು ತಂಬಿಗೆಯಷ್ಟು, ಆರು ವರ್ಷ ನೀರುಪಾಲು.

ಮೊಬೈಲಿಗೆ ಸಿಗ್ನಲ್ ಸಿಗುವುದು ಮಾಳಗಿಯ, ಅಂದರೆ ಮನೆಯ ಮಣ್ಣಿನ ಛಾವಣಿಯ, ಮೇಲೆ ಮಾತ್ರ. ಮಾವ ಮುಂಜಾನೆಯೇ ಛತ್ರಿ ಹಿಡಿದು ಏರಿ ಕುಂತ. ಹಡಗಿನಿಂದ ತಾಸಿಗೊಮ್ಮೆ ಅಂಕಿ ಬರುತ್ತಿತ್ತು. ಕಾಗದ ಗಾಳಿಗೆ ಹಾರುತ್ತದೆಂದು ಅಂಚಿನ ಕುಂಬಿಯ ಗೋಡೆಯ ಮೇಲೆಯೇ ಇದ್ದಲಿಯಿಂದ ಚುಕ್ಕೆ ಇಟ್ಟ. ಮೊದಲಿನ ಒತ್ತಡವೆಂದು ಮೇಲೊಂದು ಗೆರೆ. ಚುಕ್ಕೆಗಳು ಗೆರೆಯತ್ತ ಏರುತ್ತಿದ್ದವು. ನಾನು ಬಾಜೂಕ್ಕೆ ಕುಂತು ನೋಡುತ್ತಿದ್ದೆ.

ಬಾಜೂಮನಿ ಅಜ್ಜ ಕೆಳಗಿನಿಂದ ಕೇಳಿದ: "ಏನಪಾ ಸಾಹೇಬ, ಗ್ವಾಡಿ ಮ್ಯಾಲ ಕುಂಡಲಿ ಬರಿಯಾಕ ಹತ್ತೀಯೇನ?"

"ಹೂಂ ಅಜ್ಜಾ, ಸಮುದ್ರದ್ದು."

"ಶನಿ ಎಲ್ಲಿ ಕುಂತಾನ?"

"ಇನ್ನೂ ಗೊತ್ತಾಗಿಲ್ರಿ."

ಮಧ್ಯಾಹ್ನ ಚುಕ್ಕೆ ಗೆರೆಗಿಂತ ನಾಲ್ಕು ಬೆರಳು ಕೆಳಗೆ ನಿಂತಿತು. ಮುಂದಿನ ತಾಸೂ ಅಲ್ಲೇ. ಅದರ ಮುಂದಿನದೂ ಅಲ್ಲೇ. ಅಷ್ಟರಲ್ಲಿ ಕಂಪನಿಯ ದೊಡ್ಡ ಸಾಹೇಬರ ಫೋನು: ಅಳೆಯುವ ಯಂತ್ರ ಕೆಟ್ಟಿತ್ತೆಂದು ಬರೆದುಬಿಡಿ, ಇನ್ನೊಂದು ಬಾವಿ ಕೊರೆಯೋಣ.

ಜನ್ಮದಲ್ಲಿ ಮೊದಲ ಸಲ ಇನ್ನೊಂದು ಪರೀಕ್ಷೆ ತಾನಾಗಿ ಮನೆಬಾಗಿಲಿಗೆ ಬಂದಿತ್ತು. ಮಾವ ಗೋಡೆಯನ್ನು ಬಹಳ ಹೊತ್ತು ನೋಡಿದ. ಹಿಂದಿಯಲ್ಲಿ ಅವನು ಹೇಳಿದ್ದು, ನಮ್ಮ ಮಾತಿನಲ್ಲಿ, ಇಷ್ಟೆ: "ಯಂತ್ರ ಎರಡಿದ್ದವು ಸಾಹೇಬ್ರ. ಎರಡೂ ಒಂದೇ ಮಾತು ಹೇಳ್ಯಾವ. ಸಣ್ಣದೈತಿ. ಬಿಟ್ಟುಬಿಡೂಣು."

ಕೆಳಗಿಳಿದು ಬಂದ.

"ಏನಾತ್ರಿ?" ಎಂದಳು ಅತ್ತಿ.

"ಮುಗೀತ."

ಅತ್ತಿ ರೊಟ್ಟಿ ಬಡಿಯುವುದು ನಿಲ್ಲಿಸಿದಳು. ಸಮುದ್ರ ಕಂಡವಳಲ್ಲ ಅವಳು. "ಪಾಪ, ಆ ಹಡಗದಾಗಿನ ಮಂದಿ ಉಂಡಾರೋ ಇಲ್ಲೋ, ಕೇಳಿದ್ರೇನ?" ಎಂದಳು.

ಮಾವ ಮತ್ತೆ ಮಾಳಗಿ ಏರಿದ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಊಟವಾಯಿತೇ ಎಂದು ಕೇಳುವುದು, ನಿಮ್ಮ ಕೆಲಸದಲ್ಲಿ ತಪ್ಪಿಲ್ಲ ಎಂದು ಹೇಳುವುದು ಒಲೆಯ ತನಕ ಕೇಳಿಸುತ್ತಿತ್ತು. ಅತ್ತಿ ಅವನ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟು, ತಾನೂ ಉಣ್ಣದೆ ಕುಂತಳು.