ದೊಡ್ಡಪ್ಪನ ಇಪ್ಪತ್ತೇಳು ಸೆಕೆಂಡು

ಸಿಗ್ನಲ್ ಹಸಿರಾಯಿತು. ನಾನು ಗತ್ತಿನಿಂದ ಗೇರ್ ಹಾಕಿ ಆಕ್ಸಿಲರೇಟರ್ ತುಳಿದೆ. ಕಾರು ಒಮ್ಮೆ ಕೆಮ್ಮಿತು, ಗಂಟಲು ಸರಿಮಾಡಿಕೊಂಡಿತು, ಭಾಷಣಕ್ಕೆ ಎದ್ದುನಿಂತ ಅಧ್ಯಕ್ಷರ ಹಾಗೆ ಒಂದು ಕ್ಷಣ ಸಭೆಯನ್ನು ನೋಡಿತು, ಆಮೇಲೆ ಹೊರಟಿತು. ಹೊರಟಿತು ಎಂದು ನಾನು ಅಂದುಕೊಂಡೆ. ಅಷ್ಟರಲ್ಲಿ ಯಾರೋ ಕಿಟಕಿ ತಟ್ಟಿದರು. ನೋಡಿದರೆ, ಪೆಡಲ್ ತುಳಿದು ಓಡಿಸುವ ಐಸ್‌ಕ್ರೀಮ್ ಗಾಡಿಯವನು!

"ಸಾರ್, ಸ್ವಲ್ಪ ಸೈಡ್ ಕೊಡ್ತೀರಾ? ಐಸ್‌ಕ್ರೀಮ್ ಕರಗ್ತಾ ಇದೆ."

ಕೊಟ್ಟೆ. ಅವನು ಗಂಟೆ ಬಾರಿಸುತ್ತಾ ಮುಂದೆ ಹೋದ. ಹಿಂದಿದ್ದ ಬಸ್ಸಿನ ಕಿಟಕಿಗಳಲ್ಲೆಲ್ಲ ಬರೀ ಹಲ್ಲುಗಳೇ ಕಂಡವು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಕತ್ತಿನಲ್ಲಿ ನೇತಾಡುತ್ತಿದ್ದ ಸ್ಟಾಪ್‌ವಾಚ್ ಒತ್ತಿ, "ಪಾಪ, ಚೆನ್ನಾಗಿ ಓಡಿಸ್ತಾನೆ" ಅಂದಳು.

ಆ "ಪಾಪ" ಯಾರಿಗೆ ಸೇರಿದ್ದು ಎಂದು ನಾನು ಕೇಳಲಿಲ್ಲ.

ನನ್ನ ಹೆಂಡತಿ ಶಾಲೆಯಲ್ಲಿ ಪಿ.ಟಿ. ಮೇಡಂ. ಇಪ್ಪತ್ತೈದು ವರ್ಷದಿಂದ ಮಕ್ಕಳನ್ನು ಓಡಿಸಿ ಓಡಿಸಿ, ಓಡುವ ಯಾವುದನ್ನು ಕಂಡರೂ ಅವಳ ಹೆಬ್ಬೆರಳು ತಾನಾಗಿ ಸ್ಟಾಪ್‌ವಾಚಿನ ಮೇಲೆ ಹೋಗುತ್ತದೆ. ನನ್ನ ಸ್ನಾನಕ್ಕೆ ಹನ್ನೊಂದು ನಿಮಿಷ, ನಾನು ಹೇಳುವ ಜೋಕಿಗೆ ಎರಡೂವರೆ ನಿಮಿಷ, ಅದಕ್ಕೆ ಅವಳು ನಗುವುದಕ್ಕೆ ಸೊನ್ನೆ. ಎಲ್ಲಕ್ಕೂ ದಾಖಲೆಯಿದೆ.

ಇನ್ನು ಕಾರು. ಅದಕ್ಕೆ ನಮ್ಮ ಮನೆಯಲ್ಲಿ "ದೊಡ್ಡಪ್ಪ" ಎಂದು ಹೆಸರು. ನನಗಿಂತ ಎರಡು ವರ್ಷ ಹಿರಿಯ, ಬೆಳಗ್ಗೆ ಎದ್ದ ತಕ್ಷಣ ಕೆಮ್ಮುತ್ತಾನೆ, ಯಾರ ಮಾತೂ ಕೇಳುವುದಿಲ್ಲ. ನನ್ನ ಅಪ್ಪ ಓಡಿಸಿದ, ನಾನು ಕಲಿತ, ಮದುವೆಯಾದ ಮೇಲೆ ಇವಳನ್ನು ಮೊದಲ ಬಾರಿ ಕೂರಿಸಿಕೊಂಡು ಹೋದ ಕಾರು. ಅವತ್ತು ಮೊದಲ ತಿರುವಿನಲ್ಲೇ ಅವಳ ಕಡೆಯ ಬಾಗಿಲು ತಾನೇ ತೆರೆದುಕೊಂಡಿತು. ಅವಳು ಗಪ್ಪನೆ ಹಿಡಿದುಕೊಂಡಳು. ಇಪ್ಪತ್ತೆರಡು ವರ್ಷವಾಯಿತು, ಇನ್ನೂ ಬಿಟ್ಟಿಲ್ಲ. ದಿನಾ ಬೆಳಗ್ಗೆ ಅವಳು ಬಾಗಿಲು ಹಿಡಿದುಕೊಂಡು ಶಾಲೆಗೆ ಹೋಗುತ್ತಾಳೆ, ಅವಳನ್ನು ಇಳಿಸಿ ನಾನು ಆಫೀಸಿಗೆ ಹೋಗುತ್ತೇನೆ. ನನ್ನದು ತೂಕ ಮತ್ತು ಅಳತೆಯ ಇಲಾಖೆ. ಅಂಗಡಿಯ ತಕ್ಕಡಿ ಹತ್ತು ಗ್ರಾಂ ಸುಳ್ಳು ಹೇಳಿದರೂ ನೋಟದಲ್ಲೇ ಹಿಡಿಯುವ ಕಣ್ಣು ಇದು ಎಂದು ಹೇಳಿಕೊಂಡು ತಿರುಗುವವನು ನಾನು.

ಐಸ್‌ಕ್ರೀಮ್ ಗಾಡಿ ಕಣ್ಮರೆಯಾಗುವ ಹೊತ್ತಿಗೆ ಎದುರಿನ ಗೋಡೆಯ ಪೋಸ್ಟರ್ ನನ್ನ ಕಣ್ಣಿಗೆ ಬಿತ್ತು. ಡ್ರ್ಯಾಗ್ ರೇಸ್! ನೇರ ರಸ್ತೆ, ನಾನೂರು ಮೀಟರ್, ಒಂದು ಸಲಕ್ಕೆ ಎರಡು ಕಾರು. ಕೆಳಗೆ ಸಣ್ಣ ಅಕ್ಷರದಲ್ಲಿ: ದಿನವೂ ರಸ್ತೆಯಲ್ಲಿ ಓಡುವ ಹಳೆಯ ಕಾರುಗಳಿಗೆ ಪ್ರತ್ಯೇಕ ವಿಭಾಗ.

"ನೋಡ್ತಿರು!" ಎಂದು ಸ್ಟೀರಿಂಗ್ ಕುಟ್ಟಿದೆ. ಹಾರ್ನ್ ಕೆಟ್ಟಿದ್ದರಿಂದ ವೈಪರ್ ಆಡಿತು. "ದೊಡ್ಡಪ್ಪನ್ನ ಡ್ರ್ಯಾಗ್ ರೇಸಿಗೆ ಇಳಿಸ್ತೀನಿ!"

"ಡ್ರ್ಯಾಗ್ ಅಂದ್ರೆ ಎಳೆಯೋದು ತಾನೇ?" ಅಂದಳು. "ಅದಕ್ಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು? ಭಾನುವಾರ ಭಾನುವಾರ ನಾನೂ ಮೆಕ್ಯಾನಿಕ್ಕೂ ಮನೆ ಮುಂದೇನೇ ಎಳೀತೀವಲ್ಲ!"

"ನಗು, ನಗು. ಕಪ್ ತರ್ತೀನಿ. ತರದಿದ್ರೆ ಕೇಳು!"

"ತರದಿದ್ರೆ?"

ಇಲ್ಲಿ ನಾನು ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ಏಕೆಂದರೆ ನಮ್ಮ ಮನೆಯಲ್ಲಿ ಒಂದು ಶೀತಲ ಸಮರ ಎರಡು ವರ್ಷದಿಂದ ನಡೆದಿತ್ತು. ಅವಳ ಶಾಲೆ ಬೇಡವೆಂದು ಬಿಟ್ಟ ಒಂದು ಟೇಬಲ್ ಟೆನಿಸ್ ಟೇಬಲ್ಲನ್ನು ಅವಳು ಮನೆಗೆ ತಂದಿದ್ದಳು. ಸಂಜೆ ಬೀದಿಯ ಹೆಂಗಸರಿಗೆಲ್ಲ ಆಟ ಕಲಿಸಬೇಕು ಎಂದು ಅವಳ ಆಸೆ. ಅದಕ್ಕೆ ತಕ್ಕ ಜಾಗ ಮನೆಯಲ್ಲಿ ಒಂದೇ: ಕಾರಿನ ಶೆಡ್ಡು. ಅಲ್ಲಿ ದೊಡ್ಡಪ್ಪ. ಹೀಗಾಗಿ ಟೇಬಲ್ಲು ಹಾಲಿಗೆ ಬಂದಿತ್ತು. ನಾವು ಅದರ ಮೇಲೆ ಊಟ ಮಾಡುತ್ತಿದ್ದೆವು, ನಡುವೆ ನೆಟ್ ಇಟ್ಟುಕೊಂಡು. ಪಲ್ಯ ಬೇಕೆಂದರೆ ನೆಟ್ಟಿನ ಮೇಲಿಂದ ದಾಟಿಸಬೇಕು.

"ತರದಿದ್ರೆ ಶೆಡ್ಡು ನಿನ್ನ ಟೇಬಲ್ಲಿಗೆ! ದೊಡ್ಡಪ್ಪನ್ನ ಗುಜರಿಯವನಿಗೆ ನಾನೇ ಕೈಯಾರೆ ಕೊಡ್ತೀನಿ!" ಅಂದುಬಿಟ್ಟೆ.

ಅವಳು ಸ್ಟಾಪ್‌ವಾಚ್ ನಿಲ್ಲಿಸಿ ಕೈಗಡಿಯಾರ ನೋಡಿದಳು. "ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಹೇಳಿದ್ದು. ಜ್ಞಾಪಕ ಇರ್ಲಿ."

ರೇಸಿನ ದಿನ ಹೊರಟೆವು. ಬಾಗಿಲು ಹಿಡಿಯಲು ಅವಳು ಬರಲೇಬೇಕಿತ್ತು. ಜೊತೆಗೆ ಅವಳ ಶಾಲೆಯ ಬ್ಯಾಗು: ಸ್ಕಿಪ್ಪಿಂಗ್ ಹಗ್ಗ, ಬಿಳಿ ಬೂಟ್ ಪಾಲಿಷ್, ಪ್ರಥಮ ಚಿಕಿತ್ಸೆಯ ಡಬ್ಬಿ, ಎರಡು ಗುಂಡೆಸೆತದ ಗುಂಡು. "ಗುಂಡು ಯಾಕೆ?" ಅಂದೆ. "ಬ್ಯಾಗಲ್ಲಿದೆ, ಅದಕ್ಕೆ" ಅಂದಳು.

ಅಲ್ಲಿ ಹೋಗಿ ನೋಡಿದೆವು. ನಮ್ಮ ವಿಭಾಗದಲ್ಲಿ ಎಂಟು ಕಾರು. ದಿನವೂ ರಸ್ತೆಯಲ್ಲಿ ಓಡುವವು ಎಂದು ಹೇಳಿಕೊಂಡ ಉಳಿದ ಏಳು ಕಾರುಗಳು ಲಾರಿಯ ಮೇಲೆ ಬಂದು ಇಳಿದಿದ್ದವು! ಒಂದಕ್ಕೆ ರೇಷ್ಮೆಯಂಥ ಹೊದಿಕೆ ಬೇರೆ. ದೊಡ್ಡಪ್ಪ ಮಾತ್ರ ತನ್ನ ನಾಲ್ಕು ಚಕ್ರದ ಮೇಲೆ ಬಂದಿದ್ದ, ಬಾನೆಟ್ಟಿನ ಮೇಲೆ ಹಕ್ಕಿಯ ಹಿಕ್ಕೆ ಸಮೇತ.

ಕೈಯಲ್ಲಿ ಪಟ್ಟಿ ಹಿಡಿದ ಟೈಮ್‌ಕೀಪರ್ ಬಂದರು. ಬಾಗಿಲಿನ ಕಥೆ ಹೇಳಿದಾಗ, ಹೆಲ್ಮೆಟ್ ಹಾಕಿಕೊಂಡರೆ ಮೇಡಂ ಪಕ್ಕದಲ್ಲಿ ಕೂರಬಹುದು ಅಂದರು. "ಸಾರ್, ನಿಮ್ಮ ಗಾಡಿ ನಾನೂರು ಮೀಟರ್‌ನ ಎಷ್ಟು ಸೆಕೆಂಡಲ್ಲಿ ಓಡುತ್ತೆ? ಮುಂದಿನ ಗಾಜಿನ ಮೇಲೆ ಬರೀರಿ."

"ಇಪ್ಪತ್ತು!" ಅಂದೆ ನಾನು.

"ಇಪ್ಪತ್ತೇಳು" ಅಂದಳು ಅವಳು.

"ನಿಂಗೆ ಹೇಗೆ ಗೊತ್ತು?"

"ಸ್ಕೂಲ್ ಹಿಂದಿನ ರಸ್ತೆ ಸರಿಯಾಗಿ ನಾನೂರು ಮೀಟರ್. ಟೇಪ್ ಹಿಡಿದು ಅಳೆದಿದ್ದೀನಿ. ದಿನಾ ಬೆಳಗ್ಗೆ ನೋಡ್ತೀನಿ. ಮಳೆ ಬರ್ಲಿ, ಬಿಸಿಲು ಬರ್ಲಿ, ನಾವು ಜಗಳ ಆಡ್ತಿರ್ಲಿ, ಇಪ್ಪತ್ತೇಳು."

ನಾನು ಇಪ್ಪತ್ತು ಎಂದೇ ಬರೆದೆ. ಅಭ್ಯಾಸದ ಓಟದಲ್ಲಿ ದೊಡ್ಡಪ್ಪ ಪ್ರಾಣ ಒತ್ತೆಯಿಟ್ಟು ಓಡಿದ. ಕೊನೆಯಲ್ಲಿದ್ದ ದೊಡ್ಡ ಬೋರ್ಡಿನ ಮೇಲೆ ಕೆಂಪು ಅಂಕಿ ಮೂಡಿತು: 27.0. ನನ್ನ ಹೆಂಡತಿ ಇಳಿದು, ಕರ್ಚೀಫಿನಿಂದ ನನ್ನ ಇಪ್ಪತ್ತನ್ನು ಒರೆಸಿ, ಬೂಟ್ ಪಾಲಿಷ್ ತೆಗೆದು ದುಂಡಗೆ ಬರೆದಳು: 27.0.

"ಇನ್ನು ಮುಗೀತು ಬಿಡು" ಅಂದೆ. "ಆ ಗಾಡಿಗಳು ಹದಿನೈದು, ಹದಿನಾರು ಅಂತ ಬರ್ಕೊಂಡಿವೆ. ಅವು ಗೆರೆ ದಾಟಿ ಟೀ ಕುಡಿದು ಲೋಟ ತೊಳೆದಿಟ್ಟ ಮೇಲೆ ನಾವು ಬರ್ತೀವಿ!"

ಟೈಮ್‌ಕೀಪರ್ ನಕ್ಕು ನಿಯಮ ಹೇಳಿದರು. ಗಾಜಿನ ಮೇಲೆ ಬರೆದ ಸಮಯ ನೋಡಿ, ಎರಡರ ನಡುವೆ ಎಷ್ಟು ವ್ಯತ್ಯಾಸವೋ ಅಷ್ಟು ಸೆಕೆಂಡು ಮೊದಲೇ ನಿಧಾನದ ಕಾರನ್ನು ಬಿಡುತ್ತಾರಂತೆ. ಯಾರು ಮೊದಲು ಗೆರೆ ದಾಟುತ್ತಾರೋ ಅವರದು ಗೆಲುವು.

"ಹಾಗಾದ್ರೆ ಐವತ್ತು ಅಂತ ಬರೆದು ಇಪ್ಪತ್ತೇಳರಲ್ಲಿ ಬಂದುಬಿಡ್ತೀನಿ!" ಎಂದು ಕುಣಿದೆ.

"ಬಂದ್ರೆ ಔಟ್. ಬರೆದಿದ್ದಕ್ಕಿಂತ ಬೇಗ ಓಡೋ ಹಾಗಿಲ್ಲ. ಇಲ್ಲಿ ಜೋರಾಗಿ ಓಡೋದು ದೊಡ್ಡದಲ್ಲ ಸಾರ್, ಹೇಳಿದ ಹಾಗೆ ಓಡೋದು ದೊಡ್ಡದು."

"ಇಪ್ಪತ್ತೆರಡು ವರ್ಷದಿಂದ ನಾನು ಇವರಿಗೆ ಇದನ್ನೇ ಹೇಳ್ತಿದ್ದೀನಿ" ಅಂದಳು ಹೆಂಡತಿ.

ಮೊದಲ ಸುತ್ತು. ಎದುರಾಳಿ ಒಬ್ಬ ಜಿಮ್ಮಿನ ಮಾಲೀಕ, ಕತ್ತೇ ಇಲ್ಲದ ಮನುಷ್ಯ. ಅವನ ಗಾಜಿನ ಮೇಲೆ 15.0. ನನಗೆ ಹಸಿರು ದೀಪ ಬಿತ್ತು, ಹೊರಟೆ. ಅವನು ನಿಂತೇ ಇದ್ದ! ಹನ್ನೆರಡು ಸೆಕೆಂಡು! ನನ್ನ ಜೀವಮಾನದಲ್ಲಿ ನಾನು ಯಾರಿಗಿಂತಲಾದರೂ ಹನ್ನೆರಡು ಸೆಕೆಂಡು ಮುಂದಿದ್ದದ್ದು ಅದೇ ಮೊದಲು. ಕನ್ನಡಿಯಲ್ಲಿ ಅವನನ್ನು ನೋಡುತ್ತಾ ಕರುಣೆಯೇ ಬಂತು. ಅಷ್ಟರಲ್ಲಿ ಹಿಂದಿನಿಂದ ಗುಡುಗು ಕೇಳಿಸಿತು.

"ಬಂದ, ಬಂದ! ಬರ್ತಿದ್ದಾನೆ ಕಣೇ!"

"ನೀವು ನಿಮ್ಮ ದಾರಿ ನೋಡಿ. ಬಾಗಿಲು ನಾನು ನೋಡ್ಕೋತೀನಿ."

ಗೆರೆಗೆ ಇನ್ನು ಐದಾರು ಮಾರು ಇದ್ದಾಗ ಅವನು ಸುಯ್ಯನೆ ನಮ್ಮನ್ನು ದಾಟಿಹೋದ. ನಾನು ತಲೆ ತಗ್ಗಿಸಿದೆ. ಆದರೆ ಬೋರ್ಡು ಬೇರೆಯೇ ಹೇಳಿತು: ಅವನದು 14.6, ಔಟ್! ನಮ್ಮದು 27.1, ಗೆಲುವು! ಜಿಮ್ಮಿನವನು ಹೆಲ್ಮೆಟ್ ನೆಲಕ್ಕೆ ಕುಕ್ಕಿದ. ಹೆಂಡತಿ, "ಹೆಲ್ಮೆಟ್ ಹಾಗೆಲ್ಲ ಎಸೀಬಾರದು, ಎತ್ಕೊಳಪ್ಪಾ" ಅಂದಳು. ಅವನು ಎತ್ತಿಕೊಂಡ.

ಎರಡನೆಯ ಸುತ್ತಿನಲ್ಲಿ ಬೇಕರಿಯವರೊಬ್ಬರ ನೀಲಿ ಕಾರು. ಅವರು ಅರ್ಧ ಸೆಕೆಂಡು ತಡವಾಗಿ ಹೊರಟರು. ನಮ್ಮದು 27.0. ಬರೆದದ್ದಕ್ಕೆ ಒಂದು ಕೂದಲೂ ಆಚೀಚೆ ಇಲ್ಲ! ಟೈಮ್‌ಕೀಪರ್ ಪಟ್ಟಿಯನ್ನೂ ನಮ್ಮನ್ನೂ ಮತ್ತೆ ಮತ್ತೆ ನೋಡಿದರು. ಜನ ಚಪ್ಪಾಳೆ ಹೊಡೆದರು. ದೊಡ್ಡಪ್ಪ ಫೈನಲ್ ತಲುಪಿದ್ದ! ನಾನು ಇಳಿದು ಅವನ ಬಾನೆಟ್ ಸವರಿದೆ. ಕೈ ಸುಟ್ಟಿತು. ಪ್ರೀತಿ ಎಂದುಕೊಂಡು ಸುಮ್ಮನಾದೆ.

ಫೈನಲ್‌ನಲ್ಲಿ ಎದುರಾಳಿ ಒಬ್ಬ ದಂತವೈದ್ಯ. ರೇಷ್ಮೆ ಹೊದಿಕೆಯ ಕಾರು ಅವರದೇ. ಅದೂ ಅವರ ಹಲ್ಲಿನ ಹಾಗೆ ಫಳಫಳ. ನಮ್ಮ ಹತ್ತಿರ ಬಂದು ಒಳಗೆ ಇಣುಕಿ, "ಏನ್ ಸಾರ್, ಧೈರ್ಯಕ್ಕೆ ಮೇಡಂನ ಜೊತೇಲಿ ಕೂರಿಸ್ಕೊಂಡಿದ್ದೀರಾ?" ಎಂದು ಮೂವತ್ತೆರಡೂ ತೋರಿಸಿದರು. ಸುತ್ತ ನಿಂತವರು ನಕ್ಕರು.

ನೋಡಿ, ಅಲ್ಲಿಯೇ ನನ್ನ ಬುದ್ಧಿ ಮಣ್ಣು ತಿಂದದ್ದು. ಮೂಗಿನ ತುದಿಯಲ್ಲಿ ಗಂಡಸುತನ ಬಂದು ಕೂತುಕೊಂಡಿತು.

"ಲೇ, ನೀನು ಇಳಿ" ಅಂದೆ.

"ಬಾಗಿಲು?"

"ಕಟ್ಟೋಣ. ಇದು ಫೈನಲ್ ಮಾರಾಯ್ತಿ. ನಾನೂ ದೊಡ್ಡಪ್ಪನೂ ಇಬ್ಬರೇ ಗೆದ್ದು ತೋರಿಸ್ತೀವಿ."

ಅವಳು ಇಳಿದಳು. ಆಮೇಲೆ ಬ್ಯಾಗಿನಿಂದ ಸ್ಕಿಪ್ಪಿಂಗ್ ಹಗ್ಗ ತೆಗೆದು ಬಾಗಿಲನ್ನು ಸೀಟಿಗೆ ತಾನೇ ಬಿಗಿಯಾಗಿ ಕಟ್ಟಿಕೊಟ್ಟಳು. ಕೋಪ ಬಂದರೂ ಗಂಟು ಸಡಿಲ ಹಾಕುವವಳಲ್ಲ. ಬ್ಯಾಗನ್ನು ಹೆಗಲಿಗೇರಿಸಿ ಎರಡು ಹೆಜ್ಜೆ ಹೋದವಳು ತಿರುಗಿ, "ರೀ, ಹಾಗಾದ್ರೆ ಗಾಜಿನ ಮೇಲಿರೋ ನಂಬರ್ ಬದಲಾಯಿಸಿ" ಅಂದಳು.

"ಯಾಕೆ? ನೀನೇ ಬರೆದಿದ್ದು! ಮಳೆ ಬರ್ಲಿ, ಬಿಸಿಲು ಬರ್ಲಿ, ಇಪ್ಪತ್ತೇಳು! ಅದು ಶಾಸನ!"

"ಸರಿ. ನಾನು ಹೇಳೋದು ಹೇಳಿದ್ದೀನಿ."

ಮುನಿಸು ಎಂದುಕೊಂಡೆ.

ಹಸಿರು ದೀಪ. ಹೊರಟೆ. ಹಾ! ಏನೆಂದು ವರ್ಣಿಸಲಿ! ದೊಡ್ಡಪ್ಪ ಕೆಮ್ಮಲಿಲ್ಲ, ಗೊಣಗಲಿಲ್ಲ, ಹರೆಯ ಬಂದವನ ಹಾಗೆ ಹಾರಿದ! ಪಕ್ಕದ ಸೀಟು ಖಾಲಿ, ಹಗ್ಗ ಗಾಳಿಗೆ ಗುಂಯ್ ಎನ್ನುತ್ತಿತ್ತು. ಕನ್ನಡಿಯಲ್ಲಿ ದಂತವೈದ್ಯರು ಸಾಸಿವೆಯಷ್ಟಿದ್ದರು, ಕಡಲೆಯಷ್ಟಾದರು, ನಿಂಬೆಹಣ್ಣಿನಷ್ಟಾದರು, ಅಷ್ಟರಲ್ಲಿ ನಾನು ಗೆರೆ ದಾಟಿಯೇಬಿಟ್ಟೆ! ಮೊದಲು! ಎರಡೂ ಕೈ ಬಿಟ್ಟು ಜನರಿಗೆ ಕೈ ಬೀಸಿದೆ. ಜನ ಬೋರ್ಡು ನೋಡುತ್ತಿದ್ದರು. ನಾನೂ ನೋಡಿದೆ.

26.3. ಔಟ್.

ಹುಟ್ಟಿದಾಗಿನಿಂದ ಇಪ್ಪತ್ತೇಳಕ್ಕಿಂತ ಕೆಳಗೆ ಬಾರದವನು! ಜೀವನದಲ್ಲಿ ಒಂದೇ ಒಂದು ಸಲ ಮೈಬಿಚ್ಚಿ ಓಡಿದ, ಓಡಿದ್ದಕ್ಕೇ ಸೋತ! ಬಾನೆಟ್ ಎತ್ತಿ ನೋಡಿದೆ, ಕೆಳಗೆ ಮಲಗಿ ನೋಡಿದೆ, ಚಕ್ರ ಒದ್ದು ನೋಡಿದೆ. ಎಲ್ಲಾ ಮೊದಲಿನಂತೆಯೇ ಇತ್ತು. ಹತ್ತು ಗ್ರಾಂ ಕಳ್ಳತನ ಹಿಡಿಯುವ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಕೊನೆಗೆ ಗಾಳಿಯನ್ನು ಬೈದೆ.

ಹೆಂಡತಿ ನಡೆದುಕೊಂಡು ಬಂದಳು. ನಾನು ಬೀಗದಕೈ ತೆಗೆದು ಅವಳ ಮುಂದೆ ಹಿಡಿದೆ. "ತಗೋ. ಮಾತು ಮಾತೇ. ಗುಜರಿಯವನಿಗೆ ಫೋನ್ ಮಾಡು. ಶೆಡ್ಡು ನಿಂದು."

ಅವಳು ಬೀಗದಕೈ ತೆಗೆದುಕೊಂಡಳು. ಅಷ್ಟರಲ್ಲಿ ಟೈಮ್‌ಕೀಪರ್ ಅಂಗೈಯಷ್ಟಗಲದ ಒಂದು ಕಪ್ ಹಿಡಿದುಕೊಂಡು ಬಂದರು. "ಸಾರ್, ಎರಡನೇ ಬಹುಮಾನ."

"ಇದು ಕಪ್ ತಾನೇ?" ಎಂದು ಹೆಂಡತಿ ಕೇಳಿದಳು.

"ಕಪ್ಪೇ ಮೇಡಂ."

ಅವಳು ಕಪ್ಪನ್ನು ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿ, ಬೀಗದಕೈಯನ್ನು ಅದರೊಳಗೆ ಹಾಕಿ ನನ್ನ ಕೈಗಿಟ್ಟಳು. "ಕಪ್ ತರ್ತೀನಿ ಅಂದ್ರಿ. ತಂದ್ರಿ. ಎಷ್ಟನೇದು ಅಂತ ನೀವೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಅಳೋ ಮಕ್ಕಳಿಗೆ ಇಪ್ಪತ್ತೈದು ವರ್ಷದಿಂದ ಹೇಳ್ತಿದ್ದೀನಿ, ಸೆಕೆಂಡ್ ಪ್ರೈಜೂ ಪ್ರೈಜೇ ಅಂತ. ಈಗ ನಿಮಗೊಂದು ಬೇರೆ ಹೇಳಕ್ಕಾಗುತ್ತಾ?"

"ಅಂದ್ರೆ ದೊಡ್ಡಪ್ಪ..."

"ಶೆಡ್ಡಲ್ಲೇ ಇರ್ತಾರೆ. ಟೇಬಲ್ ಹಾಲಲ್ಲೇ ಇರುತ್ತೆ, ಸಂಜೆ ಆಟ ಅಲ್ಲೇ. ನಿಮ್ಮ ಸೋಫಾನೂ ಶೆಡ್ಡಿಗೆ ಹೋಗುತ್ತೆ. ನೀವು ಎಲ್ಲಿ ಕೂತ್ಕೋಬೇಕು ಅಂತ ನೀವೇ ನೋಡ್ಕೊಳ್ಳಿ."

ಹೀಗೆ ಹೇಳಿ ಸ್ಕಿಪ್ಪಿಂಗ್ ಹಗ್ಗ ಬಿಚ್ಚಿ, ಸುತ್ತಿ ಬ್ಯಾಗಿಗೆ ಹಾಕಿ, ತನ್ನ ಸೀಟಿನಲ್ಲಿ ಕೂತು ಬಾಗಿಲು ಹಿಡಿದುಕೊಂಡಳು. ದೊಡ್ಡಪ್ಪ ಅವಳ ಕಡೆಗೆ ಸ್ವಲ್ಪ ವಾಲಿ, ನೆಮ್ಮದಿಯಿಂದ ಕಿರ್ರೆಂದ.

ಟೈಮ್‌ಕೀಪರ್ ಹೋಗಲಿಲ್ಲ. ಕಿಟಕಿಗೆ ಬಗ್ಗಿ ಗುಟ್ಟಿನ ದನಿಯಲ್ಲಿ ಕೇಳಿದರು: "ಸಾರ್, ಹದಿನೈದು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ಬೆಳಗ್ಗೆಯಿಂದ ಗಡಿಯಾರದ ಥರ ಓಡಿದ ಗಾಡಿ ಫೈನಲ್‌ನಲ್ಲಿ ಮುಕ್ಕಾಲು ಸೆಕೆಂಡು ಹಾರಿಬಿಡ್ತು. ನಿಜ ಹೇಳಿ, ಕೊನೇ ಸುತ್ತಿಗೆ ಗಾಡಿಯಿಂದ ಏನು ತೆಗೆದ್ರಿ?"

"ಒಂದು ಬೋಲ್ಟೂ ತೆಗೆದಿಲ್ಲ ಸ್ವಾಮಿ!" ಎಂದು ಎರಡೂ ಕೈ ಎತ್ತಿದೆ. "ತೂಕ-ಅಳತೆ ಇಲಾಖೆಯವನು ನಾನು! ನನ್ನ ಕಣ್ಣು ತಪ್ಪಿಸಿ ಒಂದು ಗ್ರಾಂ ಆಚೆ ಹೋಗಲ್ಲ!"

ಅವರಿಗೆ ನಂಬಿಕೆ ಬರಲಿಲ್ಲ. ಆ ಕಡೆಯ ಕಿಟಕಿಗೆ ಹೋದರು. "ಮೇಡಂ, ನೀವಾದ್ರೂ ಹೇಳಿ. ಏನು ತೆಗೆದ್ರು?"

ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಮುಂದಿನ ರಸ್ತೆಯನ್ನೇ ನೋಡುತ್ತಾ ಅವಳು ಹೇಳಿದಳು:

"ನನ್ನನ್ನ."